ಕೆಂಪಕ್ಷರದ ಎಚ್ಚರಿಕೆ

ಅಕ್ಕ ಓಡಿಸಿದರೆ ಓಡುತ್ತದೆ, ಭಾವ ಓಡಿಸಿದರೆ ಬೀಳುತ್ತದೆ. ಮೂರು ವಾರದಿಂದ ಆಫೀಸಿನ ಆ ಮಹಡಿಯಲ್ಲಿ ಎಲ್ಲರ ಬಾಯಲ್ಲೂ ಇದೇ ತಮಾಷೆ. ಕಾಫಿ ಯಂತ್ರದ ಮುಂದೆ ಸಾಲು ನಿಂತವರು ಹೇಳಿ ನಗುತ್ತಿದ್ದರು, ಲಿಫ್ಟಿನಲ್ಲಿ ನಗುತ್ತಿದ್ದರು. ಭಾವ ಹತ್ತಿರ ಬಂದರೆ ಕೆಮ್ಮಿ ಮಾತು ಬದಲಿಸುತ್ತಿದ್ದರು. ಬದಲಿಸದಿದ್ದರೂ ನಡೆಯುತ್ತಿತ್ತು. ಆ ಮನುಷ್ಯ ತಾನೂ ಸಣ್ಣಗೆ ನಕ್ಕು ಲೋಟ ತುಂಬಿಸಿಕೊಂಡು ಹೋಗುವ ಜಾತಿಯವನು.

ಅಕ್ಕ ಎಂದರೆ ಹನ್ನೆರಡು ವರ್ಷದಿಂದ ಆ ಕಂಪನಿಯ ಬಿಲ್ಡ್ ನೋಡಿಕೊಳ್ಳುತ್ತಿದ್ದವಳು. ಅರವತ್ತು ಜನ ತಮಗೆ ತೋಚಿದಂತೆ ಬರೆದ ಕೋಡನ್ನು ದಿನಾ ಒಂದೆಡೆ ಸೇರಿಸಿ, ಹೊಂದಿಸಿ, ಗ್ರಾಹಕರ ಕೈಗೆ ಕೊಡಬಹುದಾದ ಒಂದೇ ಪ್ಯಾಕೇಜ್ ಮಾಡುವುದು ಅವಳ ಕೆಲಸ. ಬೆಳಿಗ್ಗೆ ಹತ್ತಕ್ಕೆ ಬಂದು ಟರ್ಮಿನಲ್ ತೆರೆಯುವಳು. ಬಟನ್ನು, ಚಿತ್ರ ಏನೂ ಇಲ್ಲದೆ ಬರೀ ಅಕ್ಷರ ಉರುಳುವ ಆ ಕಪ್ಪು ಕಿಟಕಿಯಲ್ಲಿ ಬಿಲ್ಡ್ ಯಂತ್ರಕ್ಕೆ ಲಾಗಿನ್ ಆಗಿ, ಒಂದು ಸಾಲು ಟೈಪ್ ಮಾಡಿ, ಮುಕ್ಕಾಲು ಗಂಟೆ ಕಣ್ಣು ಕೀಳದೆ ನೋಡುವಳು. ಎಲ್ಲಾದರೂ ಎಡವಿದರೆ ಯಾರ ಕೋಡು ಎಂದು ಹುಡುಕಿ ಅವರ ಮೇಜಿಗೇ ಹೋಗಿ ನಿಲ್ಲುವಳು. ಅವಳು ಎದ್ದು ಬರುತ್ತಿದ್ದಾಳೆ ಎಂದರೆ ಅರ್ಧ ಮಹಡಿ ಮಾನಿಟರಿನ ಹಿಂದೆ ತಲೆ ತಗ್ಗಿಸುತ್ತಿತ್ತು. ಹೆದರಿಕೆ ಇತ್ತು, ಗೌರವವೂ ಇತ್ತು. ಎರಡೂ ಅವಳಿಗೆ ಇಷ್ಟವಾಗಿದ್ದವು, ಅದನ್ನೇನು ಮುಚ್ಚಿಡುವುದು.

ಭಾವ ಅವಳ ತಂಗಿಯ ಗಂಡ. ಅವಳು ಎಲ್ಲರಿಗೂ ಅಕ್ಕನಾದ ಮೇಲೆ ಅವಳ ತಂಗಿಯೂ ಅಕ್ಕನ ಲೆಕ್ಕವೇ, ಅವನು ಎಲ್ಲರಿಗೂ ಭಾವನಾಗಲೇಬೇಕಲ್ಲ. ಅವನ ಹಳೆಯ ಕಂಪನಿ ಬಾಗಿಲು ಹಾಕಿ, ಹದಿನಾಲ್ಕು ತಿಂಗಳು ಮನೆಯಲ್ಲಿ ಕೂತಿದ್ದ. ಕೂತಿದ್ದ ಎನ್ನುವುದೂ ತಪ್ಪು. ಒಣಗಿದ ಬಟ್ಟೆ ಮಡಿಸುತ್ತಿದ್ದ, ನಲ್ಲಿ ರಿಪೇರಿ ಮಾಡುತ್ತಿದ್ದ, ಮಗಳಿಗೆ ಗಣಿತ ಹೇಳಿಕೊಡುತ್ತಿದ್ದ, ಫೋನ್ ಬಂದರೆ ಬಾಲ್ಕನಿಗೆ ಓಡುತ್ತಿದ್ದ. ಅಕ್ಕನ ಮನೆ ಮೇಲಿನ ಮಹಡಿ, ತಂಗಿಯದು ಕೆಳಗಿನದು. ಒಂದು ದಿನ ತಂಗಿ ಮೆಟ್ಟಿಲ ಮೇಲೆ ತಡೆದು, "ಅಕ್ಕಾ, ನೀನು ಒಂದು ಮಾತು ಹೇಳಿದ್ರೆ ಆಗುತ್ತೆ. ಇಷ್ಟು ದಿನ ನಾನು ನಿನ್ನ ಏನೂ ಕೇಳಿಲ್ಲ," ಎಂದಳು. ಅದು ನಿಜವೂ ಆಗಿತ್ತು. ಹನ್ನೆರಡು ವರ್ಷದಲ್ಲಿ ಯಾರ ಮುಂದೆಯೂ ಹಲ್ಲು ಗಿಂಜದ ಅಕ್ಕ ಮ್ಯಾನೇಜರ್ ಮುಂದೆ ನಿಂತು ಕೇಳಿದಳು. ಆರು ತಿಂಗಳು ನೋಡೋಣ ಎಂದು ಮ್ಯಾನೇಜರ್ ಒಪ್ಪಿಕೊಂಡ. ಅವನಿಗೆ ಕೊಟ್ಟ ಕೆಲಸ ಒಂದೇ: ಬಿಲ್ಡಿನ ಮುಂದೆ ಮನುಷ್ಯರು ಕೂರುವ ಕಾಲ ಮುಗಿಯಿತು, ಬೆಳಿಗ್ಗೆ ಆರಕ್ಕೆ ಅದು ತಾನಾಗಿ ಓಡಬೇಕು.

ಐದು ತಿಂಗಳು ಬಿಲ್ಡಿನ ಒಳಹೊರಗೆಲ್ಲ ಕಲಿತು ಅವನು ಅಚ್ಚುಕಟ್ಟಾಗಿ ಒಂದು ಸ್ಕ್ರಿಪ್ಟ್, ಅಂದರೆ ಯಂತ್ರ ಒಂದೊಂದಾಗಿ ಪಾಲಿಸಬೇಕಾದ ಆಜ್ಞೆಗಳ ಪಟ್ಟಿ, ಬರೆದ. ಗಡಿಯಾರ ಆರು ಹೊಡೆದರೆ ಇನ್ನೊಂದು ಯಂತ್ರ ಬಿಲ್ಡ್ ಯಂತ್ರಕ್ಕೆ ಲಾಗಿನ್ ಆಗಿ ಅದನ್ನು ಓಡಿಸಬೇಕು. ಮೊದಲ ದಿನವೇ ಬಿತ್ತು. ಏನಾಯಿತೆಂದು ಯಂತ್ರ ಬರೆದಿಡುವ ದಾಖಲೆಯಲ್ಲಿ ಉಳಿದಿದ್ದು ಒಂದೇ ಒಂದು ಸಾಲು: ಟರ್ಮಿನಲ್ ಯಾವುದೆಂದು ಗೊತ್ತಿಲ್ಲ. ಅಷ್ಟೇ. ಎಂಟಕ್ಕೆ ಓಡೋಡಿ ಬಂದು ತಾನೇ ಕಪ್ಪು ಕಿಟಕಿ ತೆರೆದು ಪರೀಕ್ಷೆಗೆಂದು ಅದೇ ಸ್ಕ್ರಿಪ್ಟ್ ಓಡಿಸಿದರೆ ಲಕ್ಷಣವಾಗಿ ಓಡಿತು. ಮರುದಿನ ಆರಕ್ಕೆ ಮತ್ತೆ ಬಿತ್ತು. ಹೀಗೇ ಮೂರು ವಾರ. ಟರ್ಮಿನಲ್ಲಿಗೆ ಒಂದು ಸುಳ್ಳು ಹೆಸರು ಕೊಟ್ಟು ನೋಡಿದ. ಸ್ಕ್ರಿಪ್ಟನ್ನು ಮೂರು ತುಂಡು ಮಾಡಿ ನೋಡಿದ. ಬುಡದಿಂದ ಹೊಸದಾಗಿ ಬರೆದೂ ನೋಡಿದ. ಕಣ್ಣೆದುರು ಕುಣಿಯುವ ಬಿಲ್ಡ್ ಬೆನ್ನು ತಿರುಗಿಸಿದರೆ ಸಾಯುತ್ತಿತ್ತು. ಆರು ತಿಂಗಳು ಮುಗಿಯುವುದು ಶುಕ್ರವಾರಕ್ಕೆ. ಅಷ್ಟರೊಳಗೆ ಒಂದೇ ಒಂದು ಬೆಳಿಗ್ಗೆಯಾದರೂ ಅದು ತಾನಾಗಿ ಓಡದಿದ್ದರೆ ಅವನು ಮತ್ತೆ ಬಟ್ಟೆ ಮಡಿಸಲು ಹೋಗಬೇಕು.

ಅಕ್ಕನಿಗೆ ಸಂಕಟವಾಗುತ್ತಿತ್ತು. ಜೊತೆಗೆ, ಹೇಳಲು ನಾಚಿಕೆಯಾದರೂ ಹೇಳಬೇಕು, ಒಳಗೆಲ್ಲೋ ಒಂದು ಹನಿ ಖುಷಿಯೂ ಆಗುತ್ತಿತ್ತು. ಗ್ರಾಹಕರಿಗೆ ಹೋಗುವ ಬಿಲ್ಡನ್ನು ಕೈಯಾರೆ ಓಡಿಸುವ ಅಧಿಕಾರ ಅವಳೊಬ್ಬಳಿಗೇ ಇತ್ತು, ಹಾಗಾಗಿ ಬೆಳಿಗ್ಗೆ ಆರರ ಬಿಲ್ಡ್ ಬಿದ್ದ ದಿನ ಹತ್ತಕ್ಕೆ ಎಲ್ಲರೂ ಅವಳ ದಾರಿ ಕಾಯುತ್ತಿದ್ದರು. ಅವಳು ಬಂದು, ಬ್ಯಾಗಿಟ್ಟು, ಆ ಒಂದು ಸಾಲು ಟೈಪ್ ಮಾಡಿದರೆ ಎಲ್ಲರೂ ಉಸಿರು ಬಿಡುತ್ತಿದ್ದರು. ಹನ್ನೆರಡು ವರ್ಷ ಮಾಡಿದ ಕೆಲಸವನ್ನು ಗಡಿಯಾರ ಮಾಡಲಾರದು ಎಂದರೆ ಯಾರಿಗೆ ತಾನೇ ಬೇಜಾರು?

ಎರಡನೇ ವಾರದಲ್ಲಿ ಅವನು ಅವಳ ಮೇಜಿನ ಪಕ್ಕ ಬಂದು ನಿಂತಿದ್ದ. ಆಫೀಸಿನಲ್ಲೂ ಅವನು ಅವಳ ಎದುರು ಕೂರುತ್ತಿರಲಿಲ್ಲ, ಮನೆಯ ಅಭ್ಯಾಸ.

"ಅತ್ತಿಗೆ, ಲಾಗಿನ್ ಆದ ತಕ್ಷಣ ಆ ಯಂತ್ರ ಒಂದು ಫೈಲ್ ಓದುತ್ತಲ್ಲ, ಅದರಲ್ಲೇನಾದ್ರೂ ಇರಬಹುದಾ?"

"ಅದು ನಾನು ಬರೆದಿದ್ದು."

"ಅಲ್ಲ, ಸುಮ್ಮನೆ ಒಂದು ಸಲ ನೋಡೋಣ ಅಂತ."

"ನಾಲ್ಕು ವರ್ಷದಿಂದ ಓಡ್ತಾ ಇದೆ. ಅಲ್ಲೇನಿಲ್ಲ. ನಿಮ್ಮ ಸ್ಕ್ರಿಪ್ಟ್ ಸರಿಯಾಗಿ ನೋಡಿಕೊಳ್ಳಿ."

"ನೀವು ಹೇಳಿದ ಮೇಲೆ ಮುಗೀತು ಬಿಡಿ," ಎಂದು ಅವನು ಹೊರಟ. ಎರಡು ಹೆಜ್ಜೆ ಹೋಗಿ ತಿರುಗಿದ. "ಕಿಟಕಿ ತೆರೆಯದೆ, ಹೊರಗಿನಿಂದಲೇ ಒಂದು ಸಲ ಓಡಿಸಿ ನೋಡ್ತೀರಾ? ನಿಮಗೆ ಏನಾದ್ರೂ ಹೊಳೀಬಹುದು."

"ನೋಡೋಣ," ಎಂದಳು. ನೋಡಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಅವಳ ಮಾತಿಗೆ ಸೊಪ್ಪು ಹಾಕದೆ ಆ ಫೈಲ್ ತೆರೆದು ಗಂಟೆಗಟ್ಟಲೆ ಕೆದಕುತ್ತಿದ್ದರು. ಅವನು ಕೆದಕಲಿಲ್ಲ. ಹೆಂಡತಿಯ ಅಕ್ಕ, ಕೆಲಸ ಕೊಡಿಸಿದವಳು, ಇಲ್ಲ ಎಂದ ಮೇಲೆ ಮತ್ತೆ ಹೋಗಿ ನೋಡಿದರೆ ಅವಳ ಮಾತನ್ನು ನಂಬಲಿಲ್ಲ ಎಂದಾಗುತ್ತದೆ. ಮೂರು ವಾರ ತನ್ನ ಸ್ಕ್ರಿಪ್ಟನ್ನೇ ಬಗೆದ, ತಿದ್ದಿದ್ದನ್ನೇ ಮತ್ತೆ ತಿದ್ದಿದ.

ಸೋಮವಾರದ ಮೀಟಿಂಗಿನಲ್ಲಿ ಮ್ಯಾನೇಜರ್ ನೇರವಾಗಿ ಅವಳನ್ನೇ ಕೇಳಿದ, ಯಂತ್ರದ ತಪ್ಪಾ ಸ್ಕ್ರಿಪ್ಟಿನ ತಪ್ಪಾ ಎಂದು. "ನನ್ನ ಕೈಲಿ ಓಡುತ್ತೆ," ಎಂದಳು ಅಕ್ಕ. ಸುಳ್ಳಲ್ಲ. ಮ್ಯಾನೇಜರ್ ಪುಸ್ತಕದಲ್ಲಿ ಏನೋ ಗೀಚಿಕೊಂಡ.

ಗುರುವಾರ ಬೆಳಿಗ್ಗೆ ಅಕ್ಕ ಬೀಗ ಹಾಕುತ್ತಿದ್ದಾಗ ತಂಗಿ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಹಿಟ್ಟು ಮೆತ್ತಿತ್ತು. "ಅವರು ಎರಡು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ ಅಕ್ಕ. ಕೇಳಿದ್ರೆ ಹಸಿವಿಲ್ಲ ಅಂತಾರೆ. ನೀನು ಇದ್ದೀಯ ಅಂತ ನಾನು ಧೈರ್ಯವಾಗಿದ್ದೀನಿ." ಅಕ್ಕ ಅವಳ ಭುಜ ತಟ್ಟಿ ಕೆಳಗಿಳಿದಳು. ದಾರಿಯುದ್ದಕ್ಕೂ ಆ ಹಿಟ್ಟಿನ ಕೈ ಕಣ್ಣ ಮುಂದೆ ಬರುತ್ತಿತ್ತು.

ಅವತ್ತು ಮಧ್ಯಾಹ್ನ ಮಹಡಿಯೆಲ್ಲ ಊಟಕ್ಕೆ ಹೋದಾಗ ಅವಳು ಕೂತಲ್ಲೇ ಕೂತಳು. ಭಾವ ಕೇಳಿದ್ದನ್ನು ಕೊನೆಗೂ ಮಾಡಿದಳು. ಬಿಲ್ಡ್ ಯಂತ್ರದ ಒಳಗೆ ಕಿಟಕಿ ತೆರೆಯದೆ, ಗಡಿಯಾರ ಮಾಡುವ ಹಾಗೆಯೇ, ಹೊರಗಿನಿಂದ ಆಜ್ಞೆ ಕಳಿಸಿದಳು. ಬಿತ್ತು.

ಬಿದ್ದಿದ್ದಕ್ಕಿಂತ ಅದು ಬಿದ್ದ ವೇಗ ಅವಳನ್ನು ಹೆದರಿಸಿತು. ಅರ್ಧ ಸೆಕೆಂಡ್. ಅರ್ಧ ಸೆಕೆಂಡಿನಲ್ಲಿ ಅವನ ಸ್ಕ್ರಿಪ್ಟಿನ ಮೊದಲ ಸಾಲೂ ಶುರುವಾಗುವುದಿಲ್ಲ. ಪರೀಕ್ಷಿಸಲು ಅವನ ಸ್ಕ್ರಿಪ್ಟನ್ನೇ ಬಿಟ್ಟು, ಬರೀ ತಾರೀಖು ಹೇಳು ಎಂದು ಕೇಳಿದಳು. ಅದಕ್ಕೂ ಯಂತ್ರ ಅದೇ ಉತ್ತರ ಕೊಟ್ಟಿತು: ಟರ್ಮಿನಲ್ ಯಾವುದೆಂದು ಗೊತ್ತಿಲ್ಲ. ಹನ್ನೆರಡು ವರ್ಷದ ಅನುಭವಕ್ಕೆ ಅಷ್ಟು ಸಾಕು. ತಪ್ಪು ಅವನ ಸ್ಕ್ರಿಪ್ಟಿಗಿಂತ ಮುಂಚೆಯೇ, ಬಾಗಿಲಲ್ಲೇ ಇತ್ತು. ಭಾವ ನೋಡೋಣ ಎಂದಿದ್ದ ಆ ಲಾಗಿನ್ ಫೈಲನ್ನು ಅವಳು ತೆರೆದಳು.

ನಾಲ್ಕು ವರ್ಷದ ಹಿಂದೆ ಯಾರೋ ಒಬ್ಬ ಪ್ರಯೋಗದ ಯಂತ್ರ ಎಂದುಕೊಂಡು ಬಿಲ್ಡ್ ಯಂತ್ರದ ಫೈಲುಗಳನ್ನು ಅಳಿಸಿಹಾಕಿದ್ದ. ಆಮೇಲೆ ಅವಳೇ ಆ ಫೈಲಿನಲ್ಲಿ ಒಂದು ಎಚ್ಚರಿಕೆ ಬರೆದಿದ್ದಳು. ಒಳಗೆ ಬಂದವರಿಗೆಲ್ಲ ಕೆಂಪಕ್ಷರದಲ್ಲಿ "ಇದು ಅಸಲಿ ಯಂತ್ರ, ನೋಡಿಕೊಂಡು ಕೈಯಿಡಿ" ಎಂದು ಕಾಣಬೇಕು. ಅಕ್ಷರ ಕೆಂಪಾಗಬೇಕಾದರೆ ಎದುರಿನ ಟರ್ಮಿನಲ್ಲನ್ನು ಕೆಂಪು ಹೇಗೆ ಎಂದು ಕೇಳಬೇಕು. ಎಚ್ಚರಿಕೆ ಕಾಣದೆ ಯಾರೂ ನುಗ್ಗಬಾರದು ಎಂಬ ಹಟಕ್ಕೆ, ಕೆಂಪು ಸಿಗದಿದ್ದರೆ ಅಲ್ಲೇ ಹೊರಗೆ ಹಾಕು ಎಂದೂ ಸೇರಿಸಿದ್ದಳು. ಮನುಷ್ಯರು ಕಿಟಕಿ ತೆರೆದು ಬಂದರೆ ಟರ್ಮಿನಲ್ ಇರುತ್ತದೆ, ಉತ್ತರ ಕೊಡುತ್ತದೆ. ಗಡಿಯಾರದ ಹಿಂದೆ ಯಾವ ಟರ್ಮಿನಲ್ಲೂ ಇಲ್ಲ. ಕೇಳಿದ್ದಕ್ಕೆ ಉತ್ತರವಿಲ್ಲ, ಕತ್ತು ಹಿಡಿದು ಆಚೆ. ಆ ಸಾಲಿನ ಪಕ್ಕದಲ್ಲಿ ಅವಳ ಹೆಸರಿತ್ತು, ತಾರೀಖಿತ್ತು, "ದಯವಿಟ್ಟು ಯಾರೂ ಮುಟ್ಟಬೇಡಿ" ಎಂದಿತ್ತು. ಆಗ ಇದೇ ಮ್ಯಾನೇಜರ್ ಎಲ್ಲರೆದುರು ಅವಳ ಬೆನ್ನು ತಟ್ಟಿದ್ದ.

ಸರಿಪಡಿಸಲು ಎರಡು ನಿಮಿಷ ಸಾಕಾಯಿತು. ಟರ್ಮಿನಲ್ ಇದ್ದರೆ ಮಾತ್ರ ಬಣ್ಣ ಕೇಳು, ಇಲ್ಲದಿದ್ದರೆ ಸುಮ್ಮನೆ ಒಳಗೆ ಬಿಡು. ಹೊರಗಿನಿಂದ ತಾರೀಖು ಕೇಳಿದಳು, ಹೇಳಿತು. ಆ ಫೈಲಿನಲ್ಲಿ ಯಾರು ಏನು ಬದಲಿಸಿದರು ಎಂದು ಎಲ್ಲೂ ದಾಖಲಾಗುವುದಿಲ್ಲ. ಊಟ ಮುಗಿಸಿದವರ ನಗು ಕಾರಿಡಾರಿನಲ್ಲಿ ಕೇಳಿಸಿತು. ಈಗಲೇ ಎದ್ದು ಹೋಗಿ ತಪ್ಪು ನನ್ನದು ಎಂದುಬಿಡಬೇಕು ಎನ್ನಿಸಿತು. ಆಮೇಲೆ ಯಾಕೆ ಎಂದೂ ಅನ್ನಿಸಿತು. ನಾಳೆ ಬೆಳಿಗ್ಗೆ ಬಿಲ್ಡ್ ತಾನಾಗಿ ಓಡುತ್ತದೆ, ಅವನ ಕೆಲಸ ಉಳಿಯುತ್ತದೆ, ಅವಳ ಮಾನವೂ ಉಳಿಯುತ್ತದೆ. ಯಾರಿಗೆ ನಷ್ಟ? ಹೀಗೆ ತನಗೆ ತಾನೇ ತೀರ್ಪು ಕೊಟ್ಟುಕೊಂಡು ಅವಳು ಡಬ್ಬಿ ಬಿಚ್ಚಿದಳು. ಹಸಿವೂ ಆಗಿತ್ತು.

ಶುಕ್ರವಾರ ಆರಕ್ಕೆ ಬಿಲ್ಡ್ ಓಡಿತು. ಭಾವ ಎಂಟಕ್ಕೆ ಬಂದು ನೋಡಿ ಕುರ್ಚಿಯಲ್ಲಿ ಕೂತವನು ಹತ್ತು ನಿಮಿಷ ಏಳಲಿಲ್ಲವಂತೆ. ಹನ್ನೊಂದಕ್ಕೆ ಮೀಟಿಂಗ್. ಗಾಜಿನ ಕೋಣೆಯಲ್ಲಿ ಮೂವರೇ: ಮ್ಯಾನೇಜರ್, ಅಕ್ಕ, ಭಾವ. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ.

"ನಿನ್ನೆ ನೀವು ಸ್ಕ್ರಿಪ್ಟಿನಲ್ಲಿ ಏನು ಬದಲಿಸಿದ್ರಿ?" ಮ್ಯಾನೇಜರ್ ಅವನನ್ನು ಕೇಳಿದ.

"ಏನೂ ಇಲ್ಲ ಸರ್. ಬುಧವಾರದ್ದೇ ಇದೆ."

ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಮ್ಯಾನೇಜರ್ ಲ್ಯಾಪ್‌ಟಾಪನ್ನು ಅಕ್ಕನ ಕಡೆ ತಿರುಗಿಸಿದ. "ಯಂತ್ರಕ್ಕೆ ನಿನ್ನೆ ಒಂದೂ ಇಪ್ಪತ್ತಕ್ಕೆ ಲಾಗಿನ್ ಆಗಿರೋದು ನೀವೊಬ್ಬರೇ. ನೀವೇ ಸರಿ ಮಾಡಿದ್ದಲ್ವಾ?"

"ಹೌದು."

"ನನಗೆ ಗೊತ್ತಿತ್ತು. ಇವರಿಗೆ ಮೂರು ವಾರ, ನಿಮಗೆ ಮೂವತ್ತು ನಿಮಿಷ. ತೊಂದರೆ ಏನಿತ್ತು?"

"ಟರ್ಮಿನಲ್ ವಿಷಯ. ಸಣ್ಣದು."

"ಇವರ ಸ್ಕ್ರಿಪ್ಟಿನಲ್ಲಿ?"

ಭಾವ ಅವಳ ಕಡೆಗೇ ನೋಡುತ್ತಿದ್ದ. ಸಂಶಯದಿಂದ ನೋಡಿದ್ದರೆ ಅವಳು ಹೇಳಿಬಿಡುತ್ತಿದ್ದಳೋ ಏನೋ. ಪಾಠ ಕೇಳುವವನ ಹಾಗೆ, ಕಣ್ಣರಳಿಸಿ, ಪೂರ್ತಿ ನಂಬಿ ನೋಡುತ್ತಿದ್ದ. ಅಲ್ಲ ಎನ್ನಲು ಬಾಯಿ ತೆರೆದಳು. ಅಲ್ಲ ಎಂದರೆ ಮುಂದಿನ ಪ್ರಶ್ನೆ ಹಾಗಾದರೆ ಎಲ್ಲಿ ಎಂದು. ಅದರ ಉತ್ತರದ ಪಕ್ಕದಲ್ಲಿ ಅವಳ ಹೆಸರಿತ್ತು.

"ಹ್ಞೂಂ," ಎಂದಳು.

ಅಷ್ಟಕ್ಕೇ ಮುಗಿಯಿತು. ಮ್ಯಾನೇಜರ್ ಕೆಟ್ಟವನಲ್ಲ, ಭಾವನಿಗೆ ಒಳ್ಳೆಯ ಮಾತಿನಲ್ಲೇ ಹೇಳಿದ: ನೀವು ಶ್ರಮಜೀವಿ, ಆದರೆ ಈ ಕೆಲಸಕ್ಕೆ ಹಿಡಿತ ಸಾಲದು, ಇವತ್ತೇ ಕೊನೆಯ ದಿನ ಅಂದುಕೊಳ್ಳಿ. ಇಷ್ಟು ಹೇಳಿ ಅಕ್ಕನ ಕೈ ಕುಲುಕಿದ. ಅವಳು ಕುಲುಕಿಸಿಕೊಂಡಳು.

ಮಧ್ಯಾಹ್ನ ತಂಗಿಯ ಫೋನ್ ಬಂತು. ಬೈದಿದ್ದರೆ ಒಳ್ಳೆಯದಿತ್ತು, ಬೈಯಲಿಲ್ಲ. "ನೀನು ಮಾಡೋದೆಲ್ಲ ಮಾಡಿದೆ ಅಕ್ಕ. ಕೊನೆಗೆ ನೀನೇ ಕೂತು ಸರಿ ಮಾಡಿದೆಯಂತೆ, ಅವರೇ ಹೇಳಿದ್ರು. ಬೇಜಾರು ಮಾಡ್ಕೋಬೇಡ," ಎಂದು ಅವಳೇ ಅಕ್ಕನಿಗೆ ಸಮಾಧಾನ ಹೇಳಿದಳು. ಅಕ್ಕ ಫೋನ್ ಇಟ್ಟು ಆಫೀಸಿನ ಶೌಚಾಲಯಕ್ಕೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತಳು. ಅಳುವಾಗಲೂ ಯಾರಾದರೂ ಬಂದಾರೆಂದು ಬಾಗಿಲ ಕಡೆ ಒಂದು ಕಣ್ಣಿಟ್ಟಿದ್ದಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ನಾಲ್ಕಕ್ಕೆ ಭಾವ ಅವಳ ಮೇಜಿನ ಹತ್ತಿರ ಬಂದ. ಗುರುತಿನ ಚೀಟಿ ಒಪ್ಪಿಸಿಯಾಗಿತ್ತು, ಹೆಗಲಲ್ಲಿ ಚೀಲವಿತ್ತು. ಅವತ್ತೂ ನಿಂತೇ ಇದ್ದ.

"ಅತ್ತಿಗೆ, ಒಂದು ಕೇಳಬೇಕಿತ್ತು. ಸ್ಕ್ರಿಪ್ಟಿನಲ್ಲಿ ನನ್ನ ತಪ್ಪು ಎಲ್ಲಿತ್ತು? ಎಷ್ಟು ನೋಡಿದ್ರೂ ನನಗೆ ಕಾಣ್ತಿಲ್ಲ. ಬೇರೆ ಕಡೆ ಹೋದಾಗ ಮತ್ತೆ ಅದನ್ನೇ ಮಾಡಬಾರದಲ್ಲ."

ಸುತ್ತಲಿನ ನಾಲ್ಕು ಮೇಜುಗಳಲ್ಲಿ ಟೈಪ್ ಮಾಡುವ ಸದ್ದು ನಿಂತಿತು. ಎಲ್ಲರ ಕಿವಿ ಇತ್ತಲೇ ಇತ್ತು.

"ಟರ್ಮಿನಲ್ಲಿಗೆ ಹೆಸರು ಕೊಟ್ಟಿದ್ರಲ್ಲ, ಅದನ್ನ ತಡವಾಗಿ ಕೊಟ್ಟಿದ್ರಿ," ಎಂದಳು ಅಕ್ಕ. ದನಿ ಸರಾಗವಾಗಿಯೇ ಬಂತು. "ಮೊದಲನೇ ಸಾಲಲ್ಲೇ ಕೊಡಬೇಕಿತ್ತು."

ಮೊದಲನೇ ಸಾಲಲ್ಲಿ ಕೊಟ್ಟಿದ್ದರೂ ಅದು ಓಡುತ್ತಿರಲಿಲ್ಲ. ಅವಳಿಗೆ ಅದು ಚೆನ್ನಾಗಿ ಗೊತ್ತಿತ್ತು.

"ಅಷ್ಟೇನಾ!" ಎಂದು ಅವನು ಹಣೆ ಚಚ್ಚಿಕೊಂಡ. ಅವಳ ಮೇಜಿನಿಂದಲೇ ಒಂದು ಪೆನ್ನು, ಒಂದು ಚೀಟಿ ತೆಗೆದುಕೊಂಡು, ಬಗ್ಗಿ, ಅವಳು ಹೇಳಿದ್ದನ್ನೂ ಆ ಸಾಲು ಹೇಗೆ ಬರೆಯಬೇಕೆನ್ನುವುದನ್ನೂ ದುಂಡಗೆ ಬರೆದುಕೊಂಡ. ಬರೆದು ಅವಳ ಮುಂದೆ ಹಿಡಿದ.

"ಸರಿ ಇದೆಯಾ, ಒಂದು ಸಲ ನೋಡಿಬಿಡಿ ಅತ್ತಿಗೆ."

ಅಕ್ಕ ಓದಿದಳು. ಕೊನೆಯಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು. ಅವನ ಕೈಯಿಂದ ಪೆನ್ನು ತೆಗೆದುಕೊಂಡು ಅದನ್ನು ಸೇರಿಸಿ, ಚೀಟಿ ವಾಪಸ್ ಕೊಟ್ಟಳು.