ಜಾಗ ಬಿಟ್ಟ ಹಾಡು

"ಬೇರಿಂಗ್ ಹೋಗಿದೆ ಕಣೋ," ಅಂದ ಭಾವ, ಕಣ್ಣು ಮುಚ್ಚಿಕೊಂಡೇ.

"ಭಾವ, ಅದು ನಮ್ಮ ಹಾಡುಗಾರನ ಗಂಟಲು!"

"ಯಾವುದಾದರೇನು, ಎಣ್ಣೆ ಕಂಡು ಎಷ್ಟು ವರ್ಷ ಆಯ್ತು?"

"ಹೆವಿ ಮೆಟಲ್ ಅಂದ್ರೆ ಹಾಗೇ ಹಾಡಬೇಕು."

"ಬೇಕೂಂತ ಕೆಡಿಸ್ಕೊಂಡಿದಾನಾ? ಹಾಗಿದ್ರೆ ಚೆನ್ನಾಗಿ ಕೆಟ್ಟಿದೆ. ಮುಂದಿನದು ಹಾಕು."

ಗಿಟಾರಿನವನು ಮುಂದಿನ ಹಾಡು ಹಾಕಿದ. ಮೂವತ್ತು ವರ್ಷ ಬ್ಯಾಂಡಿನಲ್ಲಿ ಬಾರಿಸಿ ಬಾರಿಸಿ ಅವನಿಗೆ ತನ್ನ ಕಿವಿಯ ಮೇಲೇ ನಂಬಿಕೆ ಹೋಗಿತ್ತು. ಅಕ್ಕನ ಗಂಡ ಹಾಗಲ್ಲ. ವಾಷಿಂಗ್ ಮೆಷಿನ್ ಬಿಚ್ಚುವ ಮೊದಲೇ ಅದರ ಬೆನ್ನಿಗೆ ಕಿವಿಯಿಟ್ಟು ರೋಗ ಹೇಳುವ ಆಸಾಮಿ. ಅದಕ್ಕೇ ಪೆನ್‌ಡ್ರೈವ್ ಹಿಡಿದು ಅವನ ರಿಪೇರಿ ಅಂಗಡಿಗೆ ಬಂದದ್ದು.

ಹನ್ನೊಂದು ವರ್ಷದ ಮೇಲೆ ಬರುತ್ತಿದ್ದ ಆಲ್ಬಮ್ಮು. ಅದರ ಆರನೇ ಹಾಡಿನಲ್ಲಿ ಡ್ರಮ್ಮಿನವನ ಬಲಗೈ ಸೋತಿತ್ತು. "ನಾಲ್ಕು ಗಂಟೆಯೊಳಗೆ ಹೂಂ ಅನ್ನಿ ಸಾರ್, ಅವರ ಬದಲು ಕಂಪ್ಯೂಟರಲ್ಲೇ ಬಾರಿಸಿಬಿಡ್ತೀನಿ. ಅವರಿಗೆ ಗೊತ್ತೂ ಆಗಲ್ಲ," ಅಂದಿದ್ದ ರೆಕಾರ್ಡಿಂಗಿನವನು. ಗೊತ್ತಾಗದೆ ಏನು? ಶಾಲೆಯ ಬೆಂಚು ಕುಟ್ಟುತ್ತಿದ್ದ ಕಾಲದ ಗೆಳೆಯ ಆ ಡ್ರಮ್ಮಿನವನು. ಆಗಲೇ ಮೂರೂವರೆ.

ಮೆಷಿನ್ ವಿಚಾರಿಸಲು ಬಂದ ಟೀಚರಮ್ಮ ಹೊಸ್ತಿಲಲ್ಲೇ ಎದೆ ಹಿಡಿದುಕೊಂಡರು. "ಅಯ್ಯೋ, ನಮ್ಮದಾ ಈ ಸದ್ದು?"

"ಇಲ್ಲ ಮೇಡಂ, ಇವನದು. ನಿಮ್ಮದು ನಾಳೆ."

ಆರನೆಯದು ಶುರುವಾಯಿತು. ಭಾವ ಕಣ್ಣು ಬಿಟ್ಟ. ಸ್ಟೂಲಿನಿಂದ ಎದ್ದೇಬಿಟ್ಟ.

"ಇದು ನಡೀತಿದೆ."

"ಅಂದ್ರೆ?"

"ಬಟ್ಟೆ ಭಾರ ಒಂದೇ ಕಡೆ ಬಿದ್ರೆ ಮೆಷಿನ್ ಜಾಗ ಬಿಟ್ಟು ನಡಿಯುತ್ತಲ್ಲ, ಹಾಗೆ. ಡ್ರಮ್ ಬಡಿಯೋನು ಒಂದು ಕೂದಲೆಳೆ ಹಿಂದೆ ಬೀಳ್ತಾನೆ."

ಗಿಟಾರಿನವನು ಜೇಬಿನ ಫೋನಿಗೆ ಕೈಹಾಕಿದ. "ಸರಿಮಾಡಿಸಿಬಿಡ್ಲಾ? ಕಂಪ್ಯೂಟರಲ್ಲಿ ಆಗುತ್ತಂತೆ."

"ಮೆಷಿನ್ ಆಗಿದ್ರೆ ನಾನೇ ಕಾಲಡಿಗೆ ರಟ್ಟು ತುರುಕ್ತಿದ್ದೆ. ಆದ್ರೆ ಆ ಐದೂ ನಿಂತಲ್ಲೇ ನಿಂತು ಒದರಿದ್ವು ಕಣೋ, ಇದೊಂದೇ ಎದ್ದು ನನ್ನ ಹತ್ರ ಬಂತು. ಅದರ ಮೇಲೆ ಕೈ ಇಟ್ಟೀಯ, ಜೋಕೆ!"

ಗಿಟಾರಿನವನು ಮೂಲೆಗೆ ಹೋಗಿ ರೆಕಾರ್ಡಿಂಗಿನವನಿಗೆ ಫೋನ್ ಮಾಡಿದ. "ಆರನೇದು ಹಾಗೇ ಇರ್ಲಿ."

"ಸಾರ್, ತಪ್ಪು ಕೇಳಿಸುತ್ತೆ."

"ಕೇಳಿಸ್ಲಿ ಬಿಡಪ್ಪಾ. ಅವನದೇ ತಪ್ಪು, ಅವನದೇ ಕೈ."

ಅಷ್ಟರಲ್ಲಿ ಭಾವ ಗ್ರೀಸು ಮೆತ್ತಿದ ಹೆಬ್ಬೆರಳಿಂದ ಅದೇ ಹಾಡನ್ನು ಮೊದಲಿಂದ ಒತ್ತಿ, ಸ್ಪೀಕರಿನ ವಾಲ್ಯೂಮ್ ಕಿವಿ ಪೂರ್ತಿ ಹಿಂಡಿದ. ಪಕ್ಕದ ಕ್ಷೌರದಂಗಡಿಯವನು ಅರ್ಧ ಗಡ್ಡ ಹೆರೆಸಿಕೊಂಡ ಗಿರಾಕಿಯ ಸಮೇತ ಓಡಿಬಂದು ಬಾಗಿಲಲ್ಲಿ ನಿಂತ.