ಮುಗಿದ ಹಿತ್ತಾಳೆ

ಎಡಹೆಗಲಿಗೆ ಜನಾಝದ ಮಂಚ ಕೊಟ್ಟು, ಬಲಗೈಯಲ್ಲಿ ಫೋನು ಎತ್ತಿ ಹಿಡಿದು, ರಿಯಾಝ್ ಖಬರಸ್ಥಾನದ ಮರಳಿನಲ್ಲಿ ಕಾಲೆಳೆಯುತ್ತಿದ್ದ. ಫೋನಿನ ಬೋಟಿಮ್‌ ವಿಡಿಯೋ ಕಾಲಿನಲ್ಲಿ ಐಸಮ್ಮ ವಿಟ್ಲದ ಮನೆಯಿಂದಲೇ ಗಂಡನ ಕೊನೆಯ ದಾರಿ ನೋಡುತ್ತಿದ್ದಳು. ಸತ್ತವರು ಶಾಹುಲ್ ಹಮೀದ್, ಎಲ್ಲರ ಬಾಯಲ್ಲಿ ಹಮೀದಾಕ. ಗಲ್ಫಿನ ಮುಸಫ್ಫಾದಲ್ಲಿ, ಹಾರಿಸಿದ ತೋಟೆಗಳಿಗೆ ಮತ್ತೆ ಮದ್ದು ತುಂಬುವ ವರ್ಕ್‌ಶಾಪಿನಲ್ಲಿ ಅವರ ಪಕ್ಕದ ಬೆಂಚು ರಿಯಾಝನದು.

“ಮೇಲೆ ಹಿಡಿ ಮಗಾ, ಬರೀ ಜನರ ಕಾಲು ಕಾಣ್ತದೆ,” ಎಂದಳು ಐಸಮ್ಮ.

ಹಿಡಿದ. ಆದರೆ ಅವನ ಜೀವ ಅಲ್ಲಿರಲಿಲ್ಲ. ಬೆಳಿಗ್ಗೆ ಶವಾಗಾರದ ಬಾಗಿಲಲ್ಲಿದ್ದಾಗ ಮ್ಯಾನೇಜರ್ ಆಸ್ವಾಲ್ಡ್ ಫೋನ್ ಮಾಡಿ, ಹಮೀದ್ ಬೆಂಚಿನಡಿ ಇಟ್ಟ ಬಕೆಟ್ಟಿನ ಖಾಲಿ ತೋಟೆಗಳು ಪಾಸಾದವಲ್ಲವೇ, ಮದ್ದು ತುಂಬಿಸಲೇ ಎಂದು ಕೇಳಿದ್ದ. ರಿಯಾಝ್ ಅರ್ಧಂಬರ್ಧ ಕೇಳಿಸಿಕೊಂಡು “ಓಕೆ ಸರ್, ಓಕೆ” ಅಂದುಬಿಟ್ಟಿದ್ದ. ಗಲ್ಫಿನಲ್ಲಿ ಪಳಗಿದ ನಾಲಿಗೆಯೇ ಹಾಗೆ. ಮ್ಯಾನೇಜರನ ದನಿ ಕೇಳಿದರೆ ಸಾಕು, ಉತ್ತರ ತಾನಾಗಿ ಉದುರುತ್ತದೆ, ಪ್ರಶ್ನೆ ಏನೆಂದು ಆಮೇಲೆ ನೋಡಿಕೊಂಡರಾಯಿತು.

ಆಮೇಲೆ ಹೊಳೆಯಿತು: ಆ ಬಕೆಟ್ಟು ಫೇಲಾದದ್ದು. ಸಂಜೆಯೇ ಶೂಟಿಂಗ್ ಕ್ಲಬ್ಬಿನಲ್ಲಿ ಸ್ಪರ್ಧೆ. ಆಗಿನಿಂದ ಎಷ್ಟು ಸಲ ಫೋನ್ ಮಾಡಿದರೂ ಆಸ್ವಾಲ್ಡ್ ಎತ್ತುತ್ತಿಲ್ಲ. ಮೆಸೇಜು ಓದುವ ಜಾತಿಯವನೂ ಅಲ್ಲ.

*

ಹಾರಿಸಿದ ತೋಟೆಯ ಹಿತ್ತಾಳೆ ಉಬ್ಬುತ್ತದೆ. ಅದನ್ನು ಅಚ್ಚಿಗಿಟ್ಟು ಹಿಡಿ ಒತ್ತಿ ಹಳೆಯ ಅಳತೆಗೆ ತರುವುದು ಹಮೀದಾಕನ ಕೆಲಸ. ಒತ್ತಿದಷ್ಟೂ ಹಿತ್ತಾಳೆ ಬಿರುಸಾಗುತ್ತದೆ. ತೋಟೆಯ ಕುತ್ತಿಗೆಗೆ ಬೆಂಕಿ ತೋರಿಸಿ ಮೆದು ಮಾಡಬಹುದು, ಬುಡಕ್ಕೆ ತೋರಿಸುವಂತಿಲ್ಲ.

“ಹೊಸದರ ಹಾಗೆ ಹೊಳೀತದಲ್ಲ ಹಮೀದಾಕ, ಇದೆಲ್ಲ ಯಾಕೆ ಬೇಡ?” ಎಂದು ರಿಯಾಝ್ ಮೊನ್ನೆ ಆ ಬಕೆಟ್ಟು ನೋಡಿ ಕೇಳಿದ್ದ.

“ಹೊಳಪು ಪಾಲಿಶ್ ಮೆಷಿನ್‌ದು ಮಾರಾಯ. ಒತ್ತುವಾಗ ಕೈಗೆ ಗೊತ್ತಾಗ್ತದೆ, ಮೊದಲಿನ ಹಾಗೆ ಬಗ್ಗುವುದಿಲ್ಲ. ಒಳಗೆ ಬುಡದ ಹತ್ತಿರ ಬಿರುಕಿನ ಗೆರೆ ಬಂದುಂಟು. ಇನ್ನೊಮ್ಮೆ ಹಾರಿಸಿದ್ರೆ ಹಾರಿಸಿದವನ ಮುಖಕ್ಕೇ ಬೆಂಕಿ. ನಾಳೆ ಜಜ್ಜಿ ಗುಜರಿಗೆ ಹಾಕುವ.”

“ನೀವು ಊರಿಗೆ ಯಾವಾಗ?”

“ಇದೊಂದು ವೀಸಾ ರಿನ್ಯೂವಲ್ ಆಗ್ಲಿ. ಸುಮೀನಾಳ ಮದುವೆ ಮುಗೀಲಿ.”

ದೊಡ್ಡ ಮಗಳು ನಸೀಮಳ ಮದುವೆಗೆ ಮೊದಲೂ ಅವರು ಹೇಳಿದ್ದು ಇದನ್ನೇ. ಎಡಭುಜ ನೀವಿಕೊಂಡು ಇನ್ನೊಂದು ತೋಟೆಯನ್ನು ಅಚ್ಚಿಗಿಟ್ಟರು. ಆ ನಾಳೆ ಅವರಿಗೆ ಬರಲಿಲ್ಲ, ಬಕೆಟ್ಟು ಬೆಂಚಿನಡಿಯೇ ಉಳಿಯಿತು.

*

“ಹಮೀದಾಕ ಒತ್ತಿದ ಮಾಲಿನಿಂದ ಇಷ್ಟು ವರ್ಷ ಒಬ್ಬನಿಗೂ ಗಾಯ ಆಗ್ಲಿಲ್ಲ,” ಎಂದ, ಮಂಚ ಇಳಿಸುತ್ತಾ ಕ್ಲಬ್ಬಿನ ಡ್ರೈವರ್ ಶಮೀರ್.

ರಿಯಾಝ್ ಪರದೆಯ ಮೂಲೆ ನೋಡಿದ, ಆಸ್ವಾಲ್ಡನಿಂದ ಏನೂ ಬಂದಿರಲಿಲ್ಲ.

ಸತ್ತವರ ತಂಗಿಯ ಮಗ ಅನ್ಸಿಫ್ ಗುಂಡಿಗಿಳಿದು ಮಾವನನ್ನು ಮಲಗಿಸಿದ. ಇನ್ನು ಕಫನಿನ ಬಟ್ಟೆಯ ಗಂಟು ಸಡಿಲಿಸಿ ಕೆನ್ನೆಯನ್ನು ಮಣ್ಣಿಗೆ ತಾಗಿಸಬೇಕು.

“ಈಗ ಮುಖ ಕಾಣ್ತದಲ್ಲ? ಹತ್ತಿರ ಹಿಡಿ ಮಗಾ. ಒಮ್ಮೆ ಸರಿಯಾಗಿ ನೋಡ್ತೇನೆ,” ಎಂದಳು ಐಸಮ್ಮ.

ಅಷ್ಟರಲ್ಲಿ ಪರದೆಯಲ್ಲಿ ಅವಳ ಮುಖದ ಮೇಲೆಯೇ ಆಸ್ವಾಲ್ಡನ ಹೆಸರು ಮೂಡಿತು. ಎತ್ತಿದರೆ ಐಸಮ್ಮ ಹೋಗುತ್ತಾಳೆ. ಬಿಟ್ಟರೆ ಆಸ್ವಾಲ್ಡ್ ಮತ್ತೆ ಸಿಗುವುದು ಯಾವಾಗಲೋ. ಅನ್ಸಿಫನ ಬೆರಳು ಗಂಟಿನ ಮೇಲಿತ್ತು. ರಿಯಾಝ್ ಹಸಿರು ಬಟನ್ ಒತ್ತಿದ.

“ಸರ್, ಆ ಬಕೆಟ್ಟು ಫೇಲಾದದ್ದು!”

“ನೀನೇ ಓಕೆ ಅಂದದ್ದಲ್ವಾ? ತುಂಬಿಸಿ ಆಯ್ತು, ಪೆಟ್ಟಿಗೆ ಗಾಡಿಗೆ ಹಾಕ್ತಾ ಇದ್ದಾರೆ.”

“ಇಳಿಸಿ ಸರ್. ಯಾರದ್ದಾದ್ರೂ ಕಣ್ಣು ಹೋಗ್ತದೆ. ತಪ್ಪು ನನ್ನದು, ಕೇಳಿಸಿಕೊಳ್ಳದೆ ಓಕೆ ಅಂದೆ.”

“ಕ್ಲಬ್ಬಿನವರಿಗೆ ನಾನೆಂತ ಹೇಳ್ಲಿ? ನಿನ್ನ ರಿನ್ಯೂವಲ್ ಮರ್ತುಬಿಡು ಇನ್ನು.”

“ಆಯ್ತು. ಮೊದಲು ಇಳಿಸಿ.”

ಆಚೆ ಆಸ್ವಾಲ್ಡ್ ಎಲ್ಲವನ್ನೂ ಇಳಿಸಲು ಯಾರಿಗೋ ಕೂಗಿದ್ದು ಕೇಳಿಸಿತು: “ಉತಾರೋ! ಸಬ್ ಉತಾರೋ, ಖಲಾಸ್!”

ರಿಯಾಝ್ ವಿಟ್ಲಕ್ಕೆ ಕರೆ ಹಚ್ಚಿದ. ಐಸಮ್ಮ ಮತ್ತೆ ಪರದೆಗೆ ಬಂದಳು. ಅಷ್ಟರಲ್ಲಿ ಗುಂಡಿಗೆ ಹಲಗೆ ಮುಚ್ಚಿ, ಮಣ್ಣೂ ಬಿದ್ದಿತ್ತು.

“ಮಧ್ಯದಲ್ಲಿ ಕಟ್ಟಾಯ್ತು ಮಗಾ. ಮುಖ ತೆರೆದ್ರಾ?”

ರಿಯಾಝ್ ಕುಕ್ಕರಗಾಲಲ್ಲಿ ಕೂತು ಫೋನನ್ನು ಮಣ್ಣಿನ ಹತ್ತಿರ ಹಿಡಿದ. ಮಧ್ಯಾಹ್ನದ ಬಿಸಿಲಿಗೆ ಚಿತ್ರದಲ್ಲಿ ಬೆಳ್ಳಗಿನ ಉರಿ ಬಿಟ್ಟರೆ ಏನೂ ಇರಲಿಲ್ಲ. ಐಸಮ್ಮ ಮುಖ ಹತ್ತಿರ ತಂದಳು, ಶಾಲಿನ ಅಂಚಿನಿಂದ ತನ್ನ ಫೋನಿನ ಗಾಜು ಒರೆಸಿದಳು, ನೋಡಿದಳು, ಮತ್ತೆ ಒರೆಸಿದಳು.