ಹುಳಿ ಸೇಬಿನ ಮರ ಯಾವ ಊರಿನದು

ಸ್ಲೋಬರಿ ಎಂಬ ಊರಿನದು ಜೇಡಿಮಣ್ಣು. ಬೂಟಿಗೆ ಒಮ್ಮೆ ಅಂಟಿಕೊಂಡರೆ ಬಂದ ನೆಂಟನ ಹಾಗೆ, ಹೋಗುವ ಮಾತೇ ಇಲ್ಲ. ಪಕ್ಕದ ಹೇರ್‌ಡೌನಿನದು ಸುಣ್ಣದ ಬಿಳಿ ಮಣ್ಣು, ಕೊಡವಿದರೆ ಉದುರುತ್ತದೆ. ಹಿಂದಿನವರು ನಕ್ಷೆ ಗಿಕ್ಷೆಯ ಗೊಡವೆಗೆ ಹೋಗದೆ, ಬೂಟು ಎಲ್ಲಿಯವರೆಗೆ ಭಾರವೋ ಅಲ್ಲಿಯವರೆಗೆ ಸ್ಲೋಬರಿ ಎಂದು ತೀರ್ಮಾನಿಸಿಬಿಟ್ಟಿದ್ದರು. ಈಸ್ಟರ್ ಕಳೆದ ಮೇಲೆ ಒಂದು ಭಾನುವಾರ ಎರಡೂ ಊರಿನವರು ತಂತಮ್ಮ ಗಡಿ ಖಾತ್ರಿ ಮಾಡಿಕೊಳ್ಳಲು ಕೋಲು ಹಿಡಿದು, ಎಲ್ಲೆಗಲ್ಲುಗಳನ್ನು ಬಡಿಯುತ್ತ ನಡೆಯುವುದು ವಾಡಿಕೆ.

ಜಗಳವೆಲ್ಲ ಒಂದು ಕಾಡುಸೇಬಿನ ಮರದ್ದು. ಎರಡು ಮಣ್ಣೂ ಬೆರೆಯುವ ಜಾಗದಲ್ಲೇ ಅದು ಬೆಳೆದಿತ್ತು. ಹಣ್ಣು ಎಂಥ ಹುಳಿಯೆಂದರೆ ಹಂದಿಗಳೂ ಮೂಸಿ ಮುಖ ತಿರುಗಿಸುತ್ತಿದ್ದವು. ಆದರೂ ಸ್ಲೋಬರಿಯ ಪರವಾಗಿ ಮುದುಕ ಹ್ಯೂಬರ್ಟ್, ಹೇರ್‌ಡೌನಿನ ಪರವಾಗಿ ಡಾರ್ಕಸ್ ಅದಕ್ಕಾಗಿ ಹಟ ಹಿಡಿದು ಕಾದಾಡುತ್ತಿದ್ದರು. ಡಾರ್ಕಸ್ ಬೇರೆ ಯಾರೂ ಅಲ್ಲ, ಅವನ ಒಡಹುಟ್ಟಿದ ತಂಗಿ. ಆ ಊರಿಗೆ ಮದುವೆಯಾಗಿ ಹೋದವಳು ತರಕಾರಿ ಪ್ರದರ್ಶನದಲ್ಲಿ, ಅಣ್ಣನ ಕವಲೊಡೆದ ಕ್ಯಾರೆಟ್ಟುಗಳು ಕಾಲ ಮೇಲೆ ಕಾಲು ಹಾಕಿ ಕೂತಿವೆ ಎಂದು ಎಲ್ಲರೆದುರು ಅಂದುಬಿಟ್ಟಿದ್ದಳು. ಅಂದಿನಿಂದ ಹೋಗುವುದು ಬರುವುದೂ ಇಲ್ಲ, ಫೋನೂ ಇಲ್ಲ. ವರ್ಷಕ್ಕೊಮ್ಮೆ ಈ ಮರದಡಿ ಬಾಯಿ ನೋಯುವಷ್ಟು ಜಗಳ, ಅಷ್ಟೇ. ಹೆಂಡತಿ ಸತ್ತ ಮೇಲೆ ಹ್ಯೂಬರ್ಟ್‌ಗೆ ತನ್ನವರು ಅಂತ ಇದ್ದದ್ದು ಆ ಒಂದು ದಿನ ಮಾತ್ರ. ಅದಕ್ಕೆಂದೇ ವರ್ಷವಿಡೀ ಹೊಸ ಮೂದಲಿಕೆಗಳನ್ನು ಕೂಡಿಡುತ್ತಿದ್ದ.

ಈ ವಸಂತದಲ್ಲಿ ಮಳೆಯೇ ಇಲ್ಲ. ಜೇಡಿ ಒಣಗಿ ಇಟ್ಟಿಗೆಯಾಗಿತ್ತು, ಬೂಟಿಗೆ ಅಂಟಬೇಕಲ್ಲ! ಹ್ಯೂಬರ್ಟ್ ನಡಿಗೆಯ ಹಿಂದಿನ ಸಂಜೆ ಕೈಗಾಡಿಯಲ್ಲಿ ಜೇಡಿ ಸಾಗಿಸಿ, ಮರದ ಆಚೆ, ಹೇರ್‌ಡೌನಿನ ಕಡೆ ಸುರಿದು, ನೀರು ಹಾಕಿ ತುಳಿದು ಬಂದ. ಬೆಳಿಗ್ಗೆ ಜನರೊಂದಿಗೆ ಹೋಗಿ ನೋಡಿದರೆ ಮರದ ಈಚೆ, ಸ್ಲೋಬರಿಯ ಕಡೆ ಯಾರೋ ಮೂಟೆಗಟ್ಟಲೆ ಸುಣ್ಣಮಣ್ಣು ಹರಡಿದ್ದರು. ಡಾರ್ಕಸಳ ತೋಳು ಮೊಣಕೈವರೆಗೆ ಬೆಳ್ಳಗಿತ್ತು. ಹ್ಯೂಬರ್ಟನ ಪ್ಯಾಂಟು ಮಂಡಿಯವರೆಗೆ ಕೆಸರು. ಇಬ್ಬರೂ ಪರಸ್ಪರ ಮೇಲಿಂದ ಕೆಳಗೆ ನೋಡಿಕೊಂಡರು.

ಎರಡೂ ಊರಿನ ಚರ್ಚಿಗೆ ಹೊಸದಾಗಿ ಬಂದಿದ್ದ ಪಾದ್ರಿಯಮ್ಮ ಫಿಲಿಪಾಗೆ ಊಟಕ್ಕೆ ಹೊತ್ತಾಗುತ್ತಿತ್ತು. ಅವಳು ಫೋನು ತೆಗೆದು ಸರ್ವೆ ನಕ್ಷೆ ನೋಡಿದಳು. ಮರ ಸ್ಲೋಬರಿಯ ಒಳಗೇ ಇದೆ, ಅನುಮಾನವೇ ಬೇಡ ಎಂದಳು. ಸ್ಲೋಬರಿಯವರು ಚಪ್ಪಾಳೆ ತಟ್ಟಿದರು. ಹ್ಯೂಬರ್ಟ್ ಹಿಗ್ಗಿ ಹೀರೆಕಾಯಿಯಾದ.

ಡಾರ್ಕಸ್ ತನ್ನ ಕೋಲನ್ನು ಪಾದ್ರಿಯಮ್ಮನ ಕೈಗಿತ್ತಳು. "ಆಯ್ತಣ್ಣ, ನೀನೇ ಗೆದ್ದೆ. ಇನ್ಮೇಲೆ ನಾನ್ಯಾಕೆ ಬರ್ಲಿ? ನನ್ನ ಮಂಡಿಗೂ ಒಂದು ರಜಾ ಸಿಕ್ತು."

ಅವಳು ಹೊರಟೇಬಿಟ್ಟಳು. ಹ್ಯೂಬರ್ಟನ ವರ್ಷದ ಆ ಒಂದು ದಿನವೂ ಅವಳ ಜೊತೆಗೇ ಹೊರಟಿತ್ತು. ಹಂದಿಯೂ ತಿನ್ನದ ಹಣ್ಣಿನ ಮರವನ್ನು ಇಟ್ಟುಕೊಂಡು ಅವನೇನು ಮಾಡಬೇಕು? ಬಗ್ಗಿ ಮರದ ಬುಡದಿಂದ ಒಂದು ಹಿಡಿ ಸುಣ್ಣಮಣ್ಣು ಎತ್ತಿ ಪಾದ್ರಿಯಮ್ಮನ ಮೂಗಿನ ಕೆಳಗೆ ಹಿಡಿದ.

"ಫೋನಿಗೇನಮ್ಮ ಗೊತ್ತು, ಅದೇನು ಬೂಟು ಹಾಕ್ಕೊಂಡು ನಡೆಯುತ್ತಾ? ಬರೀ ಸುಣ್ಣ ನೋಡಿ. ಮರ ಹೇರ್‌ಡೌನಿಂದೇ."

ಅವನ ಊರಿನವರು ಬಿಟ್ಟ ಬಾಯಿ ಬಿಟ್ಟಂತೆ ನಿಂತರು. ಡಾರ್ಕಸ್ ತಿರುಗಿ ನೋಡಿದಳು. ಆ ಸುಣ್ಣ ಎಲ್ಲಿಂದ ಬಂತೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಮುಖ ಕೆಂಪಾಯಿತು, ಕಣ್ಣು ತುಂಬಿತು. ಬಿರಬಿರನೆ ಬಂದು ಕೋಲು ಕಿತ್ತುಕೊಂಡು, ಅಣ್ಣ ತುಳಿದಿಟ್ಟ ಜೇಡಿಯಲ್ಲಿ ಬೂಟು ಅದ್ದಿ ಎತ್ತಿ ತೋರಿಸಿದಳು.

"ನಿನ್ನ ಭಿಕ್ಷೆ ಯಾರಿಗೆ ಬೇಕು? ಇದು ಜೇಡಿ ಅಲ್ದೆ ಇನ್ನೇನು? ಮರ ನಿಂದೇ."

"ನಂದಲ್ಲ."

"ನಿಂದೇ. ಬರೋ ವರ್ಷ ಬಂದು ತೋರಿಸ್ತೀನಿ ಇರು."

ಪಾದ್ರಿಯಮ್ಮ ಫೋನು ಜೇಬಿಗಿಳಿಸಿದಳು.

"ಬರೋವಾಗ ನಿನ್ನ ಕ್ಯಾರೆಟ್ಟೂ ತಗೊಂಡ್ಬಾ," ಎಂದ ಹ್ಯೂಬರ್ಟ್. "ಅವು ಹೆಂಗೆ ಕೂತ್ಕೊಳ್ತವೆ ನೋಡೋಣ."